ತೊಟ್ಟಿಲಿನ ಚಂದ್ರ, ಪ್ಯಾರಾಚೂಟಿನ ಬಿಲ್ಲೆ

ತೊಟ್ಟಿಲಿನ ಬಲಕ್ಕೆ ನಮ್ಮವ್ವ. ಎಡಕ್ಕೆ ಬೀಗತಿ ಬಸಮ್ಮ. ಸುತ್ತಲೂ ಓಣಿಯ ಹೆಂಗಸರು, ಗುಗ್ಗರಿ ಯಾವಾಗ ಹಂಚುತ್ತಾರೋ ಎಂದು ಕಾದ ಮಕ್ಕಳು. ತೊಟ್ಟಿಲೊಳಗೆ ಆಗಷ್ಟೇ ಹೆಸರು ಪಡೆದು, ಅದರ ಪರಿವೆಯೇ ಇಲ್ಲದೆ ಬೆರಳು ಚೀಪುತ್ತಿದ್ದ ನನ್ನ ತಮ್ಮನ ಮಗಳು. ಹೊಸ್ತಿಲಿನ ಆಚೆ, ಬೂಟು ಬಿಚ್ಚಿ ನಿಂತ ಖಾದರ್ ಭಾಯಿ. ಎಲ್ಲರ ನಡುವೆ ಮುಷ್ಟಿ ಎತ್ತಿಕೊಂಡು ನಾನು.

ಮುಷ್ಟಿ ಇನ್ನೇನು ಕೆಳಗಿಳಿಯಬೇಕು.

“ಹೊಡೀಬ್ಯಾಡ್ರೀ ಅಕ್ಕಾರ! ಕೂಸು ತಗೀರಿ ಮೊದಲ!”

ಕೂಗಿದ್ದು ಖಾದರ್ ಭಾಯಿ. ಹೆಸರಿಡುವ ಮನೆಯಲ್ಲಿ ಗಂಡಸು ಹೀಗೆ ಕೂಗುವುದುಂಟೆ? ಅದೂ ಗುಗ್ಗರಿ ಹಂಚುವುದಕ್ಕಿಂತ ಮುಂಚೆ?

ಮಾನ್ವಿ ತಾಲೂಕಿನ ಮಲ್ಲಟದಲ್ಲಿ, ನನ್ನ ತಮ್ಮನ ಮಾವನ ಮನೆಯಲ್ಲಿ ನಡೆದ ಸಂಗತಿ ಇದು. ಮೊನ್ನೆಯವರೆಗೂ ಇದನ್ನು ಬರೆಯುವ ಧೈರ್ಯ ನನಗಿರಲಿಲ್ಲ. (ಅವ್ವ ಈ ಅಂಕಣವನ್ನು ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಂಡು ಕೇಳುತ್ತಾಳೆ. ಆಮೇಲೆ ನನಗೆ ವಿಚಾರಣೆ ನಡೆಯುತ್ತದೆ.) ಈಗ ಅವಳೇ ಅಪ್ಪಣೆ ಕೊಟ್ಟಿದ್ದಾಳೆ. “ಬರಿ. ಆದರ ನನ್ನ ಹೆಸರು ಹಾಕಬ್ಯಾಡ” ಎಂದಿದ್ದಾಳೆ. ಹಾಕುವುದಿಲ್ಲ.

ಮುಷ್ಟಿ ಅಲ್ಲಿಯೇ ಮೇಲಿರಲಿ. ಅದು ಯಾಕೆ ಮೇಲೆದ್ದಿತು ಎಂದು ಮೊದಲು ಹೇಳಬೇಕು.

ರಾಯಚೂರಿನಲ್ಲಿ ತೀನ್ ಕಂದೀಲಿನ ಆಸುಪಾಸು ಓಡಾಡಿದವರಿಗೆ ಖಾದರ್ ಭಾಯಿಯ ಅಂಗಡಿ ಗೊತ್ತಿರುತ್ತದೆ. ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನ ಅಂಗಡಿ. ಖಾಕಿ ಕೋಟು, ನೀರಿನ ಬಾಟಲಿ, ಸೊಳ್ಳೆಪರದೆ, ಯಾರ ಕಾಲಿಗೂ ಸರಿಹೋಗದ ಬೂಟು. ನಾನು ಟೀಚರು. ಶಾಲೆಯ ಮಕ್ಕಳ ಟ್ರಿಪ್ಪಿಗೆಂದು ನೀರಿನ ಬಾಟಲಿ ಕೊಳ್ಳಲು ಹೋಗಿದ್ದೆ. ಖಾದರ್ ಭಾಯಿ ಗಿರಾಕಿಯ ಕಡೆ ನೋಡುವ ಸ್ಥಿತಿಯಲ್ಲಿರಲಿಲ್ಲ. ಒಂದು ಹಳೆಯ ಕ್ಯಾನ್ವಾಸ್ ಪಟ್ಟಿಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು.

“ಏನ್ ಭಾಯಿ, ಸಾರಿನ ಪುಡಿಯೇನು ಅದು?”

“ಪ್ಯಾರಾಚೂಟ್ ರೀ ಅಕ್ಕಾರ! ಲಡಾಯಿ ಕಾಲದ್ದು. ಎದಿಮ್ಯಾಲಿನ ಪಟ್ಟಿ ಅಂತ ಬರದಾರ ಮುಂಬೈ ಡಾಕ್ಟರು. ಎದಿದಲ್ಲ, ತೊಡಿದು. ಬೆವರಿನ ಕಲೆ ನೋಡ್ರಿಲ್ಲಿ, ಎಲ್ಲಿ ಅದ?”

ಎಲ್ಲಿದೆ ಎಂದು ನೋಡುವಷ್ಟು ಶ್ರದ್ಧೆ ನನಗಿರಲಿಲ್ಲ. ಆದರೆ ಕಥೆ ಕೇಳುವ ಶ್ರದ್ಧೆ ಯಾವತ್ತೂ ಇದೆ. ಕುಳಿತೆ.

ಅವರ ತಂದೆ ಈ ಮಾಲನ್ನೆಲ್ಲ ಕೆ.ಜಿ. ಲೆಕ್ಕದಲ್ಲಿ ಮಾರುತ್ತಿದ್ದರಂತೆ. ಪಟ್ಟಿ ಎತ್ತಿನ ಬೆನ್ನಿಗೆ ಹೊದಿಸುವ ಜೂಲಿಗೆ, ಕೊಕ್ಕೆ ಬಾವಿಯ ಗಡಗಡೆಗೆ. ಈಗ ನೋಡಿದರೆ ಆ ಪಟ್ಟಿ, ಆ ಕೊಕ್ಕೆಗಳಿಗಾಗಿಯೇ ಹಂಬಲಿಸುವ ಜನರಿದ್ದಾರೆ. ಮುಂಬೈಯಲ್ಲಿ ಒಬ್ಬ ಡಾಕ್ಟರು, ಸಿಕಂದರಾಬಾದಿನಲ್ಲಿ ಒಬ್ಬ ರಿಟೈರ್ಡ್ ಅಧಿಕಾರಿ. ಮನೆಯ ಗೋಡೆ ತುಂಬ ಪ್ಯಾರಾಚೂಟಿನ ತುಣುಕುಗಳನ್ನು ತೂಗುಹಾಕಿಕೊಂಡಿದ್ದಾರಂತೆ. (ನಮ್ಮಲ್ಲಿ ಕ್ಯಾಲೆಂಡರ್ ತೂಗುಹಾಕುತ್ತೇವೆ. ವರ್ಷ ಮುಗಿದರೆ ತೆಗೆಯುತ್ತೇವೆ.) ಸಿಕ್ಕ ತುಣುಕು ಯಾವ ಕಾಲದ್ದು, ದೇಹದ ಯಾವ ಭಾಗದ್ದು, ಅಸಲಿಯೋ ಜೋಡಿಸಿದ್ದೋ ಎಂದು ಕೇಳಿ ಅವರು ಖಾದರ್ ಭಾಯಿಗೆ ಪಾರ್ಸಲ್ ಕಳಿಸುತ್ತಾರೆ. ಇವರು ಗುರುತು ಹಿಡಿದು ಹೇಳುತ್ತಾರೆ.

“ಹೈದರಾಬಾದ್ ತನಕ ಹುಡುಕ್ರಿ, ಇದನ್ನ ಬಲ್ಲಾಂವ ನಾನೊಬ್ಬನೇ” ಎಂದು ಖಾದರ್ ಭಾಯಿ ಎದೆಯುಬ್ಬಿಸಿ ಹೇಳಿದರು. ಎದುರಿನ ಚಹಾದಂಗಡಿಯವನು ಅಲ್ಲಿಂದಲೇ ಕೂಗಿದ: “ಕತ್ತಿ ಪಟ್ಟಿ ಸುದ್ದಿ ಹೇಳ್ರಿ ಭಾಯಿ, ಅಕ್ಕಾರಿಗೆ!” ಒಮ್ಮೆ ಅಗಸರ ಕತ್ತೆಯ ಹೊಟ್ಟೆಪಟ್ಟಿಯನ್ನು ಹಿಡಿದುಕೊಂಡು ಇದು ವಿಮಾನದವನ ಸೊಂಟದ್ದೆಂದು ಇವರು ಸಾಧಿಸಿದ್ದರಂತೆ. ಖಾದರ್ ಭಾಯಿ ಕಿವಿ ಕೇಳಿಸದವರಂತೆ ಕುಳಿತರು.

“ಬಕಲ್ ಯಾರರ ಬದಲಿ ಮಾಡಬಹುದ್ರಿ. ಹೊಲಿಗಿ ನೋಡಬೇಕು. ಮನಷ್ಯಾನ ಜೀವ ತೂಗೋ ಹೊಲಿಗಿ ಬ್ಯಾರೇನ ಇರ್ತದ” ಎಂದರು. ಪಟ್ಟಿಯ ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಚೌಕದೊಳಗೆ ಗುಣಾಕಾರದ ಗುರುತಿನ ಹಾಗೆ ಹೊಲಿಗೆ. ಅದರ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು. ಯಾವ ಊರಿನ ಯಾವ ಹೆಣ್ಣುಮಗಳು ಯಾವ ಕಾರ್ಖಾನೆಯಲ್ಲಿ ಕುಳಿತು ಹೊಲಿದಿದ್ದಳೋ? ಹೊಲಿಯುವಾಗ ಏನು ಯೋಚಿಸಿದ್ದಳೋ? ಒಂದು ದಾರ ತಪ್ಪಿದರೆ ಒಬ್ಬನ ಜೀವ. ನಾನು ರವಿಕೆಯ ಕಾಜ ಹಾಕುವಾಗಲೇ ನಾಲ್ಕು ಸಲ ತಪ್ಪುತ್ತೇನೆ.

ಆಗ ಮೇಜಿನ ಮೂಲೆಯಲ್ಲಿ ನನಗೆ ಅದು ಕಂಡಿತು.

ಪೂರಿಯಗಲದ ದುಂಡನೆಯ ಲೋಹದ ಬಿಲ್ಲೆ. ಅಂಚಿನಲ್ಲಿ ಪಟ್ಟಿ ಸಿಕ್ಕಿಸುವ ಬಾಯಿಗಳು. ಬಾಯಿಗಳೆಲ್ಲ ಖಾಲಿ.

“ಭಾಯಿ, ಇದು ನಮ್ಮ ಚಂದ್ರ!”

“ಚಂದ್ರ ಅಂದ್ರ?”

ನಾನು ಹುಟ್ಟಿ ಕಣ್ಣು ಬಿಟ್ಟು ಮೊದಲು ನೋಡಿದ ವಸ್ತು ಅದು. ನನ್ನ ತಮ್ಮ ನೋಡಿದ್ದೂ ಅದನ್ನೇ. ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲರೂ ಅದನ್ನೇ. ದೇವದುರ್ಗದ ಆಚೆ, ಕೃಷ್ಣಾ ಹೊಳೆಯ ದಂಡೆಯ ನಮ್ಮೂರಿನ ಮನೆಯಲ್ಲಿ, ಮರದ ತೊಟ್ಟಿಲನ್ನು ಹಿಡಿದ ಮೂರು ಪಟ್ಟಿಗಳು ಮೇಲೆ ಬಂದು ಆ ಬಿಲ್ಲೆಗೆ ಸೇರುತ್ತವೆ. ನಾಲ್ಕನೆಯ ಪಟ್ಟಿ ಬಿಲ್ಲೆಯಿಂದ ಮೇಲೆ ಹೋಗಿ ತೊಲೆಯ ಕೊಂಡಿಗೆ ಬಿಗಿಯುತ್ತದೆ. ಮಗು ಅಂಗಾತ ಮಲಗಿದರೆ ಮೇಲೆ ಹೊಳೆಯುವ ಬಿಲ್ಲೆ. ಅದಕ್ಕೇ ಚಂದ್ರ.

ಅದು ಬಂದ ಕಥೆಯನ್ನೂ ಖಾದರ್ ಭಾಯಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ದೊಡ್ಡ ಲಡಾಯಿಯ, ಎಂದರೆ ಎರಡನೆಯ ಮಹಾಯುದ್ಧದ ಕಾಲ. ಅವ್ವ ಆಗ ಮನೆಯ ಹೊಸ ಸೊಸೆ. ಒಂದು ಸಂಜೆ ಊರಿನ ಮೇಲೆ ವಿಮಾನವೊಂದು ಕೆಮ್ಮುತ್ತಾ ಹೋಯಿತಂತೆ. ಮರುದಿನ ಬೆಳಿಗ್ಗೆ ಅಜ್ಜ ಹೊಳೆದಂಡೆಯ ಜೋಳದ ಹೊಲಕ್ಕೆ ಹೋದರೆ, ಕೂಳೆಯ ನಡುವೆ ಬೆಳ್ಳಗೆ ಬಟ್ಟೆಯ ರಾಶಿ. ರಾಶಿಯ ನಡುಮಧ್ಯ ಒಂದು ದುಂಡನೆಯ ಹೊಳೆಕಲ್ಲು. ಮನುಷ್ಯರ ಸುಳಿವಿಲ್ಲ.

ಬಿಳಿ ಬಟ್ಟೆ, ಅದರ ಮೇಲೆ ಕಲ್ಲು. ನಮ್ಮ ಕಡೆಯವರಿಗೆ ಹೆಣವಲ್ಲದೆ ಬೇರೇನು ಹೊಳೆಯುತ್ತದೆ ಹೇಳಿ? ಅಜ್ಜ ಟವೆಲು ತೆಗೆದು ಕೈಮುಗಿದು ನಿಂತುಬಿಟ್ಟನಂತೆ. ಅಜ್ಜಿಯನ್ನೂ ಅವ್ವನನ್ನೂ ಕರೆಸಿದ. ಕೊನೆಗೆ ಧೈರ್ಯ ಮಾಡಿ ಕಲ್ಲು ತೆಗೆದು ನೋಡಿದರೆ ಬಟ್ಟೆಯ ಕೆಳಗೆ ಹಗ್ಗ, ಪಟ್ಟಿ, ಬಿಲ್ಲೆ. ಹೆಣವಿಲ್ಲ. ಆಕಾಶದಿಂದ ಬಿದ್ದವನನ್ನು ಹೊಳೆ ಒಯ್ದಿದೆ, ಯಾರೋ ಪುಣ್ಯಾತ್ಮರು ಉಳಿದ ಬಟ್ಟೆಗೆ ಕಲ್ಲಿಟ್ಟು ಸಮಾಧಿಯ ಮರ್ಯಾದೆ ಮಾಡಿ ಹೋಗಿದ್ದಾರೆ ಎಂದು ಮೂವರೂ ತೀರ್ಮಾನಿಸಿದರು. ಸರಕಾರಕ್ಕೆ ಹೇಳಬೇಕಿತ್ತು. ಆದರೆ ಅದು ನಿಜಾಮನ ಕಾಲ. ಹೇಳಿದರೆ ಬಟ್ಟೆಯೂ ಹೋಗುತ್ತದೆ, ಹೇಳಿದವನೂ ಹೋಗುತ್ತಾನೆ ಎಂದು ಅಜ್ಜ ಬಾಯಿ ಮುಚ್ಚಿಕೊಂಡ.

ಬಟ್ಟೆ ಊರಿನ ಕೂಸುಗಳ ಕುಂಚಿಗೆಯಾಗಿ ಹರಿದುಹೋಯಿತು. ಹಗ್ಗ ಬಾವಿಯಲ್ಲಿ ಸವೆದುಹೋಯಿತು. ಉಳಿದದ್ದು ಪಟ್ಟಿ, ಬಿಲ್ಲೆ, ಕಲ್ಲು.

ಅಜ್ಜಿ ಆ ಹೆಸರಿಲ್ಲದವನಿಗೆ ಹೆಸರಿಟ್ಟಳು. ಆಕಾಶಪ್ಪ. ತೀರಿಕೊಂಡ ಹಿರಿಯರಿಗೆ ವರ್ಷಕ್ಕೊಮ್ಮೆ ಅಮಾವಾಸ್ಯೆಯ ದಿನ ಎಡೆ ಇಡುವಾಗ ಅವನಿಗೂ ಒಂದು ಎಡೆ. “ಹೆತ್ತಾಕಿ ಎಲ್ಲ್ಯದಾಳೋ ಏನೋ, ಇಡೋರು ಯಾರು?” ಎನ್ನುತ್ತಿದ್ದಳು. ಅಜ್ಜಿಯ ನಂತರ ಅವ್ವ. ಒಂದು ವರ್ಷವೂ ತಪ್ಪಿಸಿದವಳಲ್ಲ.

ಇನ್ನು ಹೆಸರಿಡುವ ಮನೆಯಲ್ಲಿ, ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಕುಂಚಿಗೆ ಸುತ್ತಿ ತೊಟ್ಟಿಲಿಗೆ ಹಾಕಿ ತೂಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ನಮ್ಮ ಮನೆಯಲ್ಲಿ ಹಾಕುವುದು ಆ ಹೊಳೆಕಲ್ಲನ್ನು. ಕಲ್ಲಿಗೆ “ಆಕಾಶಪ್ಪ” ಎಂದು ಕರೆದು, ತೂಗಿ, ತೆಗೆದು, ಆಮೇಲೆ ಮಗುವನ್ನು ಮಲಗಿಸುತ್ತೇವೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. (ವರ್ಷಗಟ್ಟಲೆಯ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.) ಕೊನೆಗೆ ಸೋದರತ್ತೆ ಚಂದ್ರನಿಗೆ ಒಂದು ಗುದ್ದು ಹಾಕುತ್ತಾಳೆ. ಮೇಲಿರುವ ಆಕಾಶಪ್ಪನಿಗೂ ಹೆಸರು ಕೇಳಿಸಲಿ ಎಂದು.

ಖಾದರ್ ಭಾಯಿ ಬಾಯಿ ತೆರೆದುಕೊಂಡು ಕೇಳಿದರು. ನಂತರ ಎರಡೇ ಮಾತು.

“ಬಾಯಿ ನಾಲ್ಕೂ ತುಂಬ್ಯಾವೇನ್ರಿ?”

“ತುಂಬ್ಯಾವ.”

“ಎಲ್ಲಾ ಅಸಲಿ?”

“ಅಜ್ಜ ಹ್ಯಾಂಗ ಸಿಕ್ಕಿಸಿದ್ನೋ ಹಂಗೇ ಅವ.”

ಅವರ ಕಣ್ಣು ನೋಡಬೇಕಿತ್ತು ನೀವು. ಪಟ್ಟಿಗಳ ಸಮೇತ ಪೂರ್ತಿ ಬಿಲ್ಲೆ ಒಂದನ್ನೂ ಅವರು ಈವರೆಗೆ ಕೈಯಲ್ಲಿ ಹಿಡಿದಿರಲಿಲ್ಲವಂತೆ. ಮುಂಬೈ ಡಾಕ್ಟರು ಅದಕ್ಕಾಗಿ ಎಷ್ಟೋ ವರ್ಷದಿಂದ ಕಾಯುತ್ತಿದ್ದಾರಂತೆ. “ಒಮ್ಮಿ ನೋಡ್ತೀನ್ರಿ ಅಕ್ಕಾರ. ಮುಟ್ಟಂಗಿಲ್ಲ” ಎಂದರು. ಮುಟ್ಟದೆ ಇರುವ ಜಾತಿಯ ಕಣ್ಣಲ್ಲ ಅದು. ಹೇಗಿದ್ದರೂ ತಮ್ಮನ ಮಗಳಿಗೆ ಹೆಸರಿಡುವುದಿತ್ತು. ಬರ್ರಿ ಎಂದೆ.

ಹೆಸರಿಡುವುದು ಬಾಣಂತಿಯ ತವರಲ್ಲಿ, ಅಂದರೆ ಮಲ್ಲಟದಲ್ಲಿ. ತೊಟ್ಟಿಲು ಇರುವುದು ದೇವದುರ್ಗದ ಕಡೆಯ ನಮ್ಮೂರಲ್ಲಿ. ಅವ್ವನ ಹಟ ಏನೆಂದರೆ ಮೊಮ್ಮಗಳು ಮೊದಲು ಮಲಗಬೇಕಾದದ್ದು ಚಂದ್ರನ ಕೆಳಗೇ. ತಮ್ಮನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಕೂಸು. ಅವ್ವ ಆ ಕೂಸಿಗಾಗಿ ಆಕಾಶಪ್ಪನನ್ನೂ ಬೇಡಿಕೊಂಡಿದ್ದಳು. ಹಾಗಾಗಿ ಇಡೀ ತೊಟ್ಟಿಲು, ಕಲ್ಲಿನ ಸಮೇತ, ಬಸ್ಸಿನ ಟಾಪಿನ ಮೇಲೇರಿ ಮಾನ್ವಿಗೆ ಬಂತು. ಮಾನ್ವಿಯಿಂದ ಮಲ್ಲಟಕ್ಕೆ ಚಕ್ಕಡಿಯಲ್ಲಿ ಬಂತು.

ಬೀಗತಿಗೆ ಸಿಟ್ಟು ಬರದೆ ಇರುತ್ತದೆಯೇ? ಬಸಮ್ಮನವರು ಹೊಸದಾಗಿ ಬಣ್ಣ ಹೊಡೆಸಿದ ತಮ್ಮದೇ ತೊಟ್ಟಿಲನ್ನು ಪಡಸಾಲೆಯಲ್ಲಿ ತೂಗುಹಾಕಿ ಕಾದಿದ್ದರು.

“ನಮ್ಮ ಮನ್ಯಾಗ ತೊಟ್ಟಿಲ ಇಲ್ಲಂತ ತಿಳದ್ರೇನ್ರಿ ಬೀಗರ?”

“ಇದ್ದೀತ್ರಿ. ಚಂದ್ರ ಇಲ್ಲಲ್ಲ” ಎಂದಳು ಅವ್ವ.

ಬೀಗರ ಮನೆಯಲ್ಲಿ ಮಾನ ಹೋಗಬಾರದೆಂದು ಅವ್ವ ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಪ್ರತಿ ಸಲ ತೂಗುಹಾಕಿದಲ್ಲೇ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ ಚಂದ್ರನನ್ನು ಈ ಸಲ ಕೆಳಗಿಳಿಸಿ, ಮೊಳಕಾಲ ಸಂದಿಯಲ್ಲಿ ಒತ್ತಿ ಹಿಡಿದು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ, ಗರಗರ ತಿಕ್ಕಿದ್ದಳು. ಅದರ ಮೇಲಿದ್ದ ಅಕ್ಷರಗಳು ಎಂದೋ ಸವೆದುಹೋಗಿದ್ದವು. ಉಳಿದಿದ್ದದ್ದು ಒಂದು ಗೆರೆ ಮಾತ್ರ. ಚಂದ್ರ ಹೊಸ ಹಿತ್ತಾಳೆ ತಾಬಾಣದಂತೆ ಮಿಂಚುತ್ತಿತ್ತು.

ಗಂಡಸರ ಜೊತೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ಖಾದರ್ ಭಾಯಿ, ಬೆನ್ನು ಗುದ್ದುವ ಗದ್ದಲ ಕೇಳಿ ಹೊಸ್ತಿಲಿಗೆ ಬಂದರು. ಕಣ್ಣು ನೇರವಾಗಿ ಚಂದ್ರನ ಮೇಲೆ ಹೋಯಿತು. ಆಗಲೇ ಅವರು ಕೂಗಿದ್ದು.

ಮುಷ್ಟಿ ಇಳಿಸಿದೆ. ಮಗುವನ್ನು ಎತ್ತಿಕೊಂಡೆ. ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಆ ದನಿಯಲ್ಲಿ ಮಾತ್ರ ಯಾವ ಆಟವೂ ಇರಲಿಲ್ಲ.

“ಏನಾತೋ ನಿನಗ?” ಅವ್ವ ತಿರುಗಿ ನಿಂತಳು.

“ಯವ್ವಾ, ಆ ಗೆರಿ ಅಡ್ಡ ಇರಬೇಕ್ರಿ. ಈಗ ನೆಟ್ಟಗ ನಿಂತದ. ಬಿಲ್ಲಿ ತಿರುಗೇದ. ಈಗ ಅದಕ್ಕ ಗುದ್ದಿದ್ರ ಪಟ್ಟಿ ಬಿಡ್ತಾವ.”

“ಬಿಡ್ತಾವ? ಇಕಿ ಕೂಸಿದ್ದಾಗೂ ಗುದ್ದೇವಿ, ಇಕಿ ತಮ್ಮ ಕೂಸಿದ್ದಾಗೂ ಗುದ್ದೇವಿ. ಅವತ್ತ ಬಿಡಲಾರದ್ದು ಇವತ್ತ್ಯಾಕ ಬಿಡ್ತದ?”

“ಅವತ್ತ ಗೆರಿ ಅಡ್ಡ ಇತ್ತು ಯವ್ವಾ. ತಿಕ್ಕುವಾಗ ತಿರುಗೇದ. ತಿರುವಿ ಗುದ್ದಿದ್ರ ಬಿಟ್ಟು ಬೀಳ್ಬೇಕು ಅಂತನ ಮಾಡ್ಯಾರ ಅದನ್ನ.”

ಅವ್ವನ ಮುಖ ಕೆಂಪಾಯಿತು. ಬೀಗತಿಯ ಎದುರು, ಇಡೀ ಓಣಿಯ ಎದುರು, ಎಷ್ಟೊಂದು ಮಕ್ಕಳನ್ನು ತೂಗಿದ ತೊಟ್ಟಿಲಿಗೆ ಈ ಮಾತು! ಬಸಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಹೋಗ್ಲಿ ಬಿಡ್ರಿ ಬೀಗರ, ನಮ್ಮ ಹಳೇ ತೊಟ್ಟಿಲ ಅದ ಅಲ್ಲಿ” ಎಂದರು. ಆ “ಹಳೇ” ಎಂಬುದರ ಮೇಲೆ ಎಷ್ಟು ಬಣ್ಣವಿತ್ತು ಅಂತೀರಿ!

“ಬ್ಯಾಡ” ಎಂದಳು ಅವ್ವ. “ಕಲ್ಲ ಹಾಕ್ರಿ ಒಳಗ. ನೋಡೇ ಬಿಡೋಣು.”

ಕುಂಚಿಗೆ ಸುತ್ತಿದ ಕಲ್ಲನ್ನು ಮತ್ತೆ ತೊಟ್ಟಿಲಲ್ಲಿ ಮಲಗಿಸಿದರು. ನಾನು ಮಗುವನ್ನು ಅದರ ತಾಯಿಗೆ ಕೊಟ್ಟು, ಸೋದರತ್ತೆಯ ಗತ್ತಿನಲ್ಲಿ ಚಂದ್ರನಿಗೆ ಗುದ್ದಿದೆ.

ಏನೂ ಆಗಲಿಲ್ಲ.

ಹೆಂಗಸರು ಗೊಳ್ಳೆಂದು ನಕ್ಕರು. ಯಾರೋ “ಭಾಯಿ, ಕತ್ತಿಗಿ ಕಟ್ಟೋ ಪಟ್ಟಿ ಇರಬೇಕು ನೋಡ್ರಿ!” ಎಂದರು. (ಚಹಾದಂಗಡಿಯ ಸುದ್ದಿ ಮಲ್ಲಟದವರೆಗೂ ತಲುಪಿತ್ತೇ? ಹೌದು. ನಾನೇ ಹೇಳಿದ್ದೆ.) ಖಾದರ್ ಭಾಯಿಯ ಹಣೆಯ ಮೇಲೆ ಬೆವರು. ಆದರೂ ಅವರು ಹಿಂದೆ ಸರಿಯಲಿಲ್ಲ.

“ಅಕ್ಕಾರ, ನೀವು ಕೂಸಿಗಿ ತಟ್ಟಿದಂಗ ತಟ್ಟೀರಿ. ಅದಕ್ಕ ಬೇಕಾದ್ದು, ಗಾಳಿ ಎಳಕೊಂಡು ಹೊಂಟಿದ್ದಾಂವ ಜೀವಭಯಕ್ಕ ಹೊಡಿಯೋ ಹೊಡ್ತ.”

“ಸರಿ ಅತ್ತಾಗ” ಎಂದು ಅವ್ವ ನನ್ನನ್ನು ನೂಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೀಗತಿಯ ಮೇಲಿದ್ದ ಸಿಟ್ಟು, ಖಾದರ್ ಭಾಯಿಯ ಮೇಲಿದ್ದ ಸಿಟ್ಟು, ಮಾನ ಹೋದೀತೆಂಬ ಅಂಜಿಕೆ, ಎಲ್ಲವನ್ನೂ ಮುಷ್ಟಿಯಲ್ಲಿ ಕಟ್ಟಿ, ಬಳೆಗಳ ಸಮೇತ ಚಂದ್ರನ ಮುಖಕ್ಕೆ ಗುದ್ದಿದಳು.

ಟಕ್.

ಅಷ್ಟೇ ಸದ್ದು. ಬಾಗಿಲಿನ ಚಿಲಕ ತೆಗೆದಷ್ಟು. ಮೂರು ಪಟ್ಟಿಗಳು ಒಮ್ಮೆಲೇ ಹಾವಿನಂತೆ ಜಾರಿ ಬಿದ್ದವು. ತೊಟ್ಟಿಲು ನೆಲಕ್ಕೆ ಬಿತ್ತು. ಕಲ್ಲು ತೊಟ್ಟಿಲಿನ ಹಲಗೆಯನ್ನು ಸೀಳಿಕೊಂಡು ನೆಲಹಾಸಿನ ಶಹಾಬಾದಿ ಪರ್ಸಿಗೆ ಬಡಿದು, ಪರ್ಸಿ ಬಿರುಕು ಬಿಟ್ಟಿತು.

ಮೇಲೆ, ನಾಲ್ಕನೆಯ ಪಟ್ಟಿಯಲ್ಲಿ, ಚಂದ್ರ ಒಂದೇ ಮೆಲ್ಲಗೆ ತೂಗಾಡುತ್ತಿತ್ತು.

ಎಲ್ಲರ ಕಣ್ಣೂ ಬಿರುಕು ಬಿಟ್ಟ ಪರ್ಸಿಯ ಮೇಲೆ. ಆಮೇಲೆ ತಾಯಿಯ ಮಡಿಲಲ್ಲಿದ್ದ ಮಗುವಿನ ಮೇಲೆ. ಮಗು ಆಕಳಿಸಿತು.

ಅವ್ವ ಅಲ್ಲೇ ಕುಳಿತುಬಿಟ್ಟಳು. ಬಸಮ್ಮನವರು ಏನಾದರೂ ಅಂದಾರು ಎಂದು ನನಗೆ ಹೆದರಿಕೆ. ಅವರು ಬಂದು ಅವ್ವನ ಪಕ್ಕ ಕುಳಿತು, ಗುದ್ದಿದ ಕೈಯನ್ನು ಹಿಡಿದುಕೊಂಡರು. ಒಡೆದ ಬಳೆಯ ಚೂರನ್ನು ಮೆಲ್ಲಗೆ ಬಿಡಿಸಿದರು.

“ಬಾ ಯಪ್ಪಾ ಒಳಗ” ಎಂದಳು ಅವ್ವ ಖಾದರ್ ಭಾಯಿಗೆ. “ಹೇಳು. ಹಿಡಕೊಳ್ಳಬೇಕಾದ್ದು ಯಾಕ ಬಿಡ್ತದ?”

ಖಾದರ್ ಭಾಯಿ ತೊಟ್ಟಿಲಿನ ಪಕ್ಕ ಮಂಡಿಯೂರಿ ಕುಳಿತರು. ಪಟ್ಟಿಯ ತುದಿಗಳನ್ನು ಒಂದೊಂದಾಗಿ ಎತ್ತಿ, ಜೇಬಿನಿಂದ ಭೂತಗನ್ನಡಿ ತೆಗೆದು ನೋಡತೊಡಗಿದರು. ಅಂಗಡಿಯಲ್ಲಿನ ಬಡಾಯಿ ಒಂದಿಷ್ಟೂ ಇರಲಿಲ್ಲ. ಮಸೀದಿಯಲ್ಲಿ ಕುಳಿತವರಂತೆ ಕುಳಿತಿದ್ದರು.

“ಮ್ಯಾಲಿಂದ ಇಳಿಯೋ ತನಕ ಹಿಡೀತದ ಯವ್ವಾ. ನೆಲ ಮುಟ್ಟಿದ ಮ್ಯಾಲ ಬಿಡಬೇಕು. ಇಲ್ಲಂದ್ರ ಗಾಳಿ ಆ ಬಟ್ಟಿ ತುಂಬಿ, ಮನಷ್ಯಾನ್ನ ಕಲ್ಲಾಗ ಮುಳ್ಳಾಗ ದರದರ ಎಳಕೊಂಡು ಹೋಗಿ ಕೊಲ್ತದ. ಅದಕ್ಕ ತಿರುವೋದು, ಗುದ್ದೋದು. ಮೂರು ಬಿಡ್ತಾವ, ಒಂದು ಬಿಡಂಗಿಲ್ಲ. ಬಿಲ್ಲಿ ಕಳೀಬಾರದಲ್ಲ.”

ಆಮೇಲೆ ಅವರು ಕೇಳಿದರು: “ಹೊಲದಾಗ ಸಿಕ್ಕಾಗ ಪಟ್ಟಿ ಹ್ಯಾಂಗ ಇದ್ವು ಯವ್ವಾ? ಕೂಡಿದ್ವೋ, ಬಿಚ್ಚಿದ್ವೋ?”

“ಬಿಚ್ಚಿದ್ವು. ಹಿಂಗೇ, ಈಗ ಬಿದ್ದಾವಲ್ಲ, ಹಿಂಗೇ ಮೂರು ಬ್ಯಾರೆ ಬ್ಯಾರೆ ಬಿದ್ದಿದ್ವು. ಮಾವನೋರು ಮನೀಗಿ ತಂದು, ಒಂದೊಂದ ಬಾಯಾಗ ಒತ್ತಿದ್ರು. ಟಕ್ ಟಕ್ ಅಂತ ಕೂತ್ವು. ಇನ್ನ ತೆಗೀಲಿಕ್ಕೆ ಬರಲಿಲ್ಲ.”

ಖಾದರ್ ಭಾಯಿ ಪಟ್ಟಿಯ ತುದಿಯನ್ನು ಅವ್ವನ ಕೈಯಲ್ಲಿಟ್ಟರು.

“ನೋಡ್ರಿ. ಚಾಕು ಹಚ್ಚಿದ ಗುರ್ತಿಲ್ಲ. ಹರದಿದ್ದ ಗುರ್ತಿಲ್ಲ. ಹೆಣದ ಮೈಮ್ಯಾಲಿಂದ ಈ ಬೆಲ್ಟು ಇಷ್ಟು ಚಂದ ಬಿಚ್ಚಲಿಕ್ಕೆ ನಿಮ್ಮೂರಾಗ ಯಾರಿಗಿ ಗೊತ್ತಿತ್ರಿ ಅವತ್ತ? ಬಿಲ್ಲಿ ತಿರುವಬೇಕು, ಗುದ್ದಬೇಕು ಅನ್ನೋದು ಗೊತ್ತಿದ್ದಾಂವ ಒಬ್ಬನೇ. ಅದನ್ನ ಕಟ್ಟಿಕೊಂಡಾಂವ.”

ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು.

“ಹೊಳ್ಯಾಗ ಬಿದ್ದಿದ್ರ ಈ ಸರಂಜಾಮು ಹೊಳ್ಯಾಗೇ ಇರ್ತಿತ್ತು. ಹೊಲದಾಗ ಇಳದಾನ ಯವ್ವಾ. ಕೈ ಸುದ್ದ ಇದ್ವು, ಬುದ್ಧಿ ಸುದ್ದ ಇತ್ತು. ತಾನೇ ಬಿಚ್ಯಾನ. ಮುಂದ ಎಲ್ಲಿಗಿ ಹೋದ, ಅದನ್ನ ಪಟ್ಟಿ ಹೇಳಂಗಿಲ್ಲ. ನಾನೂ ಹೇಳಂಗಿಲ್ಲ.”

ಪಡಸಾಲೆಯಲ್ಲಿ ಯಾರೋ ಅಯ್ಯ ಎಂದರು. ಅವ್ವ ಮಾತ್ರ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳ ದೃಷ್ಟಿ ನಿಧಾನವಾಗಿ ಪರ್ಸಿಯ ಮೇಲೆ ಬಿದ್ದಿದ್ದ ಕಲ್ಲಿನ ಕಡೆ ಹೋಯಿತು. ಕುಂಚಿಗೆ ಸರಿದು, ಹೊಳೆಯ ನೀರು ಉಜ್ಜಿ ಉಜ್ಜಿ ನುಣುಪಾಗಿಸಿದ ಅದರ ಬೆನ್ನು ಕಾಣುತ್ತಿತ್ತು.

“ಹಂಗಾರ” ಎಂದಳು ಅವ್ವ. “ಈ ಕಲ್ಲ ಇಟ್ಟಾಂವ ಯಾರು?”

ಖಾದರ್ ಭಾಯಿ ಕಲ್ಲನ್ನು ನೋಡಿದರು. ನನ್ನನ್ನು ನೋಡಿದರು. ಪ್ಯಾರಾಚೂಟಿನ ಪ್ರತಿ ಹೊಲಿಗೆಯನ್ನು ಓದಬಲ್ಲ ಮನುಷ್ಯನಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ಉತ್ತರವನ್ನೂ ಅವ್ವನೇ ಹೇಳಿದಳು, ತನಗೆ ತಾನೇ ಹೇಳಿಕೊಳ್ಳುವಂತೆ. “ಬಟ್ಟಿ ಹಾರಬಾರದಂತ ಇಟ್ಟಾನ. ತಾನೇ ಇಟ್ಟಾನ. ನಾವು ಸೀರಿ ಒಣಗ್ಹಾಕಿ ಕಲ್ಲ ಇಡ್ತೀವಲ್ಲ, ಹಂಗ.”

ಆಕಾಶದಿಂದ, ಸುಟ್ಟು ಬೀಳುವ ವಿಮಾನದಿಂದಲೋ ಏನೋ, ಜೀವ ಕೈಯಲ್ಲಿ ಹಿಡಿದು ಜಿಗಿದವನು. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಹೊಲ, ಕತ್ತಲಾಗುವ ಹೊತ್ತು. ಕಾಲು ನೆಲಕ್ಕೆ ತಾಗಿದೆ. ಅಂಥ ಹೊತ್ತಿನಲ್ಲಿ ಅವನು ಹೊಳೆದಂಡೆಗೆ ಹೋಗಿ, ಒಂದು ಕಲ್ಲು ಆರಿಸಿ, ಹೊತ್ತು ತಂದು, ತನ್ನನ್ನು ಇಳಿಸಿದ ಬಟ್ಟೆ ಗಾಳಿಗೆ ಹಾರಿಹೋಗದ ಹಾಗೆ ಅದರ ನಡುವೆ ಇಟ್ಟು, ಆಮೇಲೆ ನಡೆದುಹೋಗಿದ್ದಾನೆ.

ನಾವು ಆ ಕಲ್ಲನ್ನು ನೋಡಿ ಅವನು ಸತ್ತನೆಂದುಕೊಂಡೆವು! ಅವನು ಬದುಕಿದ್ದ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿಗೆ ನಾವು ಕುಂಚಿಗೆ ತೊಡಿಸಿ ತೂಗಿದೆವು.

ಯೋಚಿಸಿ ನೋಡಿ. ಪತ್ರ ಬರಲಿಲ್ಲ, ಮನೆಗೆ ಬರಲಿಲ್ಲ, ಮಾತಾಡಲಿಲ್ಲ ಎಂದು ಬದುಕಿರುವ ಎಷ್ಟು ಮಂದಿಗೆ ನಾವು ಮನಸ್ಸಿನಲ್ಲೇ ಎಡೆ ಇಟ್ಟುಬಿಟ್ಟಿದ್ದೇವೆ?

ಆ ದಿನ ಮಗು ಮಲಗಿದ್ದು ಬಸಮ್ಮನವರ ತೊಟ್ಟಿಲಲ್ಲಿ. ಅವ್ವ ಗೆದ್ದಳೋ ಸೋತಳೋ ಎಂದು ಕೇಳಬೇಡಿ. ಅವಳ ಒಂದು ಬಿನ್ನಹವನ್ನು ಬೀಗತಿ ನಡೆಸಿಕೊಟ್ಟರು. ಖಾದರ್ ಭಾಯಿ ಬಿಲ್ಲೆಯನ್ನು ತಿರುವಿ ಗೆರೆ ಅಡ್ಡ ಮಾಡಿ, ಒಂದೇ ಪಟ್ಟಿಯಲ್ಲಿ ಅದನ್ನು ತೊಟ್ಟಿಲಿನ ಮೇಲೆ ತೂಗುಹಾಕಿದರು. ಏನನ್ನೂ ಹಿಡಿಯದೆ, ಏನನ್ನೂ ಬಿಡದೆ, ಚಂದ್ರ ಸುಮ್ಮನೆ ಹೊಳೆಯಿತು. ಮಗು ಬೆರಳು ಚೀಪುವುದನ್ನು ಬಿಟ್ಟು ಅದನ್ನೇ ನೋಡಿತು. ಗುಗ್ಗರಿ ಹಂಚಿದರು.

ಸಂಜೆ ಮಾನ್ವಿಯಿಂದ ರಾಯಚೂರಿನ ಬಸ್ಸು. ಕಲ್ಲೂರು ದಾಟಿತು. ಕೊನೆಗೆ ನಾನೇ ಕೇಳಿದೆ.

“ಭಾಯಿ, ಬಿಲ್ಲೆ ಕೊಡ್ತೀರೇನು ಅಂತ ಅವ್ವನ್ನ ಕೇಳಲೇ ಇಲ್ಲಲ್ಲ ನೀವು? ಮುಂಬೈ ಡಾಕ್ಟರು ಕಾಯಾಕತ್ತಾರಂದ್ರಿ?”

“ಹ್ಯಾಂಗ ಕೇಳ್ಲಿ ಅಕ್ಕಾರ?” ಎಂದರು ಅವರು, ಕಿಟಕಿಯ ಹೊರಗೆ ನೋಡುತ್ತಾ. “ಸತ್ತಾಂವನ ಮಾಲ್ ಆದ್ರ ವ್ಯಾಪಾರ ಮಾಡಬಹುದು. ಮಾಲಕ ಜಿಂದಾ ಇದ್ರ, ಅವನ್ನ ಕೇಳಬೇಕಲ್ಲ.”

ಮೊನ್ನೆ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅವ್ವ ಹಿರಿಯರ ಎಡೆಗಳನ್ನು ಒಳಗೆ ಇಟ್ಟಳು. ಅಜ್ಜನಿಗೆ, ಅಜ್ಜಿಗೆ, ಅಪ್ಪನಿಗೆ. ಆಕಾಶಪ್ಪನ ಹೆಸರು ಹೇಳಲಿಲ್ಲ. ಅವನ ಪಾಲಿನ ಹೋಳಿಗೆಯನ್ನು ಮುತ್ತುಗದ ಎಲೆಯಲ್ಲಿ ಬಡಿಸಿಕೊಂಡು ಹೊರಗಿನ ಕಟ್ಟೆಗೆ ಬಂದಳು. ದೇವದುರ್ಗದ ಬಸ್ಸು ತಪ್ಪಿಸಿಕೊಂಡು ಅಲ್ಲಿ ಯಾರೋ ಒಬ್ಬ ಕುಳಿತಿದ್ದ. ನಮ್ಮೂರವನಲ್ಲ. ಅವ್ವ ಎಲೆಯನ್ನು ಅವನ ಮುಂದಿಟ್ಟು, ನೀರು ಇಟ್ಟು, “ಉಣ್ಣಪ್ಪ” ಎಂದಳು. ಹೆಸರು ಕೇಳಲಿಲ್ಲ.

ಅವನು ಹೊಟ್ಟೆ ತುಂಬ ಉಂಡ. ಕೈ ತೊಳೆದ. ಮುಂದಿನ ಬಸ್ಸಿಗೆ ಎದ್ದು ಹೋದ.

ಸ್ವಲ್ಪ ಹೊತ್ತಿನ ಮೇಲೆ ಎಲೆ ತೆಗೆಯಲೆಂದು ನಾನು ಹೊರಗೆ ಬಂದೆ. ಗಾಳಿ ಬೀಸುತ್ತಿತ್ತು. ಎಲೆ ಹಾರಿಹೋಗದಿರಲೆಂದು ಅವನು ಅದರ ಮೇಲೆ ಒಂದು ಕಲ್ಲು ಇಟ್ಟು ಹೋಗಿದ್ದ.